ನುಂಗಂಬಾಕ್ಕಂನ ಕೊಳಾಯಿ ಉದ್ಯಮ: ಕೆಲಸಕ್ಕೆ ಬರವಿಲ್ಲ, ಲಾಭವೇಕಿಲ್ಲ?

ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಒಂದೆಡೆ ಸೇರಿದಾಗ ಮಕ್ಕಳ ವಿದ್ಯಾಭ್ಯಾಸ, ಊರಿನ ಸಮಾಚಾರ, ಬೆಂಗಳೂರಿನ ರೈಲು ಇವುಗಳ ಮಾತು ಮುಗಿದ ಮೇಲೆ ತಪ್ಪದೆ ಬರುವ ಇನ್ನೊಂದು ವಿಷಯವಿದೆ. ಅದು ಕೊಳಾಯಿ ಕೆಲಸದವರದು. ಕರೆದರೆ ಬರುವುದಿಲ್ಲ, ಬಂದರೆ ಮುಗಿಸುವುದಿಲ್ಲ, ಮುಗಿಸಿದರೆ ಕೇಳುವ ಹಣಕ್ಕೆ ಲೆಕ್ಕವಿಲ್ಲ ಎಂಬುದು ಎಲ್ಲರ ದೂರು. ದೂರಿನಲ್ಲಿ ಸತ್ಯಾಂಶ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದೇ ಪ್ರಶ್ನೆಯನ್ನು ಆ ಕಡೆಯಿಂದಲೂ ನೋಡಬೇಕಾಗಿದೆ. ಇಷ್ಟೊಂದು ಬೇಡಿಕೆಯಿರುವ ಕೆಲಸದಲ್ಲಿ ಸಣ್ಣ ಸಂಸ್ಥೆಗಳಿಗೆ ಲಾಭ ಕೈಗೆ ಹತ್ತುವುದೇಕೆ ಕಷ್ಟವಾಗಿದೆ? ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಈ ವೃತ್ತಿಯವರ ಪಾಲಿಗೆ ಅರ್ಧ ಮಾತ್ರ ನಿಜವಾಗಿರುವುದೇಕೆ?

ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇವೆ. ಕೊಳಾಯಿ ಉದ್ಯಮದ ಲಾಭ ದರ ಏರಿಸುವುದರಿಂದ ಮಾತ್ರ ಹೆಚ್ಚುವುದಿಲ್ಲ. ದಿನವೂ ಲೆಕ್ಕಕ್ಕೆ ಸಿಗದೆ ಕಳೆದುಹೋಗುವ ಗಂಟೆಗಳನ್ನು ಉಳಿಸಿದಾಗ ಹೆಚ್ಚುತ್ತದೆ. ಕೆಟ್ಟಾಗ ಓಡುವ ಕೆಲಸದಿಂದ ಕೆಡದಂತೆ ವರ್ಷವಿಡೀ ನೋಡಿಕೊಳ್ಳುವ ಕೆಲಸಕ್ಕೆ ಹೊರಳಿದಾಗ ಹೆಚ್ಚುತ್ತದೆ. ಈ ಎರಡೂ ಮಾರ್ಪಾಡುಗಳು ಗ್ರಾಹಕರ ಸಹಕಾರವಿಲ್ಲದೆ ಸಾಧ್ಯವಿಲ್ಲ. ಆದ್ದರಿಂದಲೇ ಇದು ಉದ್ಯಮಿಗಳಿಗೆ ಮಾತ್ರ ಬಿಟ್ಟ ವಿಷಯವಲ್ಲ. ಫ್ಲ್ಯಾಟುಗಳಲ್ಲಿ ವಾಸಿಸುವ ನಮ್ಮೆಲ್ಲರಿಗೂ ಸಂಬಂಧಿಸಿದ ವಿಷಯ.

ಕೆರೆಯ ನೆಲದಲ್ಲಿ ಕಟ್ಟಿದ ಬಡಾವಣೆ

ನುಂಗಂಬಾಕ್ಕಂನಲ್ಲಿ ಕೊಳಾಯಿ ಕೆಲಸಕ್ಕೆ ಎಂದೂ ಕೊರತೆ ಬಾರದಿರುವುದಕ್ಕೆ ಇಲ್ಲಿನ ನೆಲ ಮತ್ತು ನೀರು ಎರಡೂ ಕಾರಣ. ಮಾಂಬಲಂ, ನುಂಗಂಬಾಕ್ಕಂಗಳ ಉದ್ದಕ್ಕೆ ಹಬ್ಬಿದ್ದ ಹಳೆಯ ಕೆರೆಯ ನೀರನ್ನು 1920ರ ದಶಕದಲ್ಲಿ ಹೊರಹರಿಸಿ ತ್ಯಾಗರಾಯ ನಗರವನ್ನು ನಿರ್ಮಿಸಲಾಯಿತು. 1976ರಲ್ಲಿ ಉದ್ಘಾಟನೆಗೊಂಡ ವಳ್ಳುವರ್ ಕೋಟ್ಟಂ ನಿಂತಿರುವುದೂ ಕೆರೆಯ ಪಾತ್ರದ ಮೇಲೆಯೇ. ‘ಲೇಕ್ ಏರಿಯಾ’, ‘ಟ್ಯಾಂಕ್ ಬಂಡ್ ರೋಡ್’ ಎಂಬ ಹೆಸರುಗಳಲ್ಲಿ ಮಾತ್ರ ಆ ಕೆರೆ ಇಂದು ಉಳಿದಿದೆ. ಮಳೆ ಜೋರಾದಾಗ ನೀರು ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಬರುತ್ತದೆ. ಮಳೆ ಹೋದಾಗ ಕೊಳವೆ ಬಾವಿಗಳು ಬತ್ತುತ್ತವೆ.

ಚೆನ್ನೈ ಮಹಾನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ 1978ರಲ್ಲಿ ಅಸ್ತಿತ್ವಕ್ಕೆ ಬಂದಿತು. ಜನರ ಬಾಯಲ್ಲಿ ಅದು ‘ಮೆಟ್ರೋವಾಟರ್’. ಆ ನೀರು ಬೀದಿಯ ಕೊಳವೆಯಿಂದ ನೇರವಾಗಿ ಮೂರನೆಯ ಮಹಡಿಗೆ ಏರುವುದಿಲ್ಲ. ಅದು ಮೊದಲು ನೆಲದಡಿಯ ಸಂಪಿಗೆ ಇಳಿಯಬೇಕು, ಅಲ್ಲಿಂದ ಮೋಟಾರಿನ ಬಲದಿಂದ ಛಾವಣಿಯ ಟ್ಯಾಂಕಿಗೆ ಏರಬೇಕು, ಮತ್ತೆ ಅಲ್ಲಿಂದ ಮನೆಮನೆಗೆ ಇಳಿಯಬೇಕು. ಜೊತೆಗೆ ಕೊಳವೆ ಬಾವಿಯ ನೀರಿಗೆ ಪ್ರತ್ಯೇಕ ದಾರಿ, ಬೇಸಗೆಯಲ್ಲಿ ಲಾರಿ ನೀರು ತುಂಬಿಸಲು ಮತ್ತೊಂದು ದಾರಿ. ಒಂದೇ ಕಟ್ಟಡದಲ್ಲಿ ಇಷ್ಟೊಂದು ಕೊಳವೆಗಳು, ವಾಲ್ವುಗಳು, ಫ್ಲೋಟುಗಳು ಇರುವಾಗ ಒಂದಲ್ಲ ಒಂದು ಕೆಡುತ್ತಲೇ ಇರುತ್ತದೆ. ಕೊಳವೆ ಬಾವಿಯ ನೀರು ಗಡಸಾದುದರಿಂದ ಗೀಸರಿನಲ್ಲಿ, ಷವರಿನಲ್ಲಿ, ನಲ್ಲಿಯ ಬಾಯಲ್ಲಿ ಸುಣ್ಣ ಕಟ್ಟುತ್ತದೆ. ಹಳೆಯ ಕಟ್ಟಡಗಳ ಕಬ್ಬಿಣದ ಕೊಳವೆಗಳು ಒಳಗಿನಿಂದಲೇ ತುಕ್ಕು ಹಿಡಿದು ಸಣ್ಣದಾಗುತ್ತವೆ.

ಇದಕ್ಕೆ ಹವಾಮಾನದ ಹೊಡೆತಗಳೂ ಸೇರಿವೆ. 2003ರಲ್ಲಿ ತಮಿಳುನಾಡು ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿತು. 2015ರ ಡಿಸೆಂಬರಿನಲ್ಲಿ ನಗರ ಮುಳುಗಿತು. 2019ರ ಬೇಸಗೆಯಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬರಿದಾಗಿ ನಗರ ನೀರಿಗಾಗಿ ಲಾರಿಗಳ ದಾರಿ ಕಾಯಿತು. ಪ್ರತಿಯೊಂದು ಸಂದರ್ಭದಲ್ಲೂ ಕೊಳಾಯಿ ಕೆಲಸದವರಿಗೆ ಒಮ್ಮೆಗೇ ಕೆಲಸ ಒದಗಿತು, ಕೆಲವು ತಿಂಗಳಲ್ಲಿ ಇಳಿಯಿತು. ಹೀಗೆ ನೆರೆಯಂತೆ ಬಂದು ನೆರೆಯಂತೆ ಹೋಗುವ ಆದಾಯದಿಂದ ಯಾವ ಉದ್ಯಮವೂ ಗಟ್ಟಿಯಾಗಿ ನಿಲ್ಲಲಾರದು.

ಒಂದು ಗಂಟೆಯ ನಿಜವಾದ ಬೆಲೆ

ಈಗ ಲೆಕ್ಕಕ್ಕೆ ಬರೋಣ. ವಿಷಯ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಸಂಸ್ಥೆಯನ್ನು ಮುಂದಿಟ್ಟುಕೊಳ್ಳೋಣ. ಅಂಕಿಗಳು ನಾವು ಉದಾಹರಣೆಗಾಗಿ ಇಟ್ಟವು. ಒಬ್ಬ ಮಾಲೀಕರು, ಇಬ್ಬರು ಕೊಳಾಯಿ ಕೆಲಸಗಾರರು, ಒಬ್ಬ ಸಹಾಯಕ. ಕೆಲಸಗಾರರಿಗೆ ತಲಾ 25,000 ರೂಪಾಯಿ, ಸಹಾಯಕನಿಗೆ 15,000, ಒಟ್ಟು ಸಂಬಳ 65,000. ಅಂಗಡಿ ಬಾಡಿಗೆ 12,000. ವಾಹನ ಮತ್ತು ಪೆಟ್ರೋಲಿಗೆ 8,000. ಉಪಕರಣಗಳ ಸವಕಳಿಗೆ 4,000. ದೂರವಾಣಿ, ವಿದ್ಯುತ್ತಿಗೆ 3,000. ವಿಮೆ ಮತ್ತು ಹಬ್ಬದ ಬೋನಸ್ಸಿಗೆ ತೆಗೆದಿಡುವುದು 4,000. ಮಾಲೀಕರ ಸ್ವಂತ ಸಂಬಳ 34,000. ಒಟ್ಟು ತಿಂಗಳಿಗೆ 1,30,000 ರೂಪಾಯಿ.

ಇಬ್ಬರು ಕೆಲಸಗಾರರು ದಿನಕ್ಕೆ 8 ಗಂಟೆಯಂತೆ 26 ದಿನ ದುಡಿದರೆ 416 ಗಂಟೆಗಳಾಗುತ್ತವೆ. ಖರ್ಚನ್ನು ಭಾಗಿಸಿದರೆ ಗಂಟೆಗೆ ಸುಮಾರು 313 ರೂಪಾಯಿ. ಹೆಚ್ಚಿನ ಸಂಸ್ಥೆಗಳು ಲೆಕ್ಕ ಹಾಕಿದರೂ ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಈ 416 ಗಂಟೆಗಳಲ್ಲಿ ಗ್ರಾಹಕರಿಂದ ಹಣ ಪಡೆಯಬಹುದಾದ ಗಂಟೆಗಳೆಷ್ಟು? ಸ್ಟರ್ಲಿಂಗ್ ರಸ್ತೆಯ ವಾಹನದಟ್ಟಣೆಯಲ್ಲಿ ಕಳೆದ ಹೊತ್ತು, ಕಾವಲುಗಾರನ ಪುಸ್ತಕದಲ್ಲಿ ಹೆಸರು ಬರೆಸಿ ಕಾದ ಹೊತ್ತು, ಒಂದು ವಾಷರಿಗಾಗಿ ಹಾರ್ಡ್‌ವೇರ್ ಅಂಗಡಿಗೆ ಓಡಿದ ಹೊತ್ತು, ಅಂದಾಜು ಹೇಳಲು ಹೋಗಿ ಕೆಲಸ ಸಿಗದೆ ಮರಳಿದ ಹೊತ್ತು, ಮನೆಯವರು ಬಾಗಿಲಿಗೆ ಬೀಗ ಹಾಕಿ ಹೋಗಿದ್ದರಿಂದ ಬರಿಗೈಯಲ್ಲಿ ಹಿಂದಿರುಗಿದ ಹೊತ್ತು ಇವೆಲ್ಲವನ್ನೂ ಕಳೆಯಬೇಕು. ಅರ್ಧ ಸಮಯ ಹೀಗೆ ಹೋಯಿತೆಂದರೆ ಉಳಿಯುವುದು 208 ಗಂಟೆ. ಆಗ ಗಂಟೆಯ ನಿಜವಾದ ಖರ್ಚು 625 ರೂಪಾಯಿ. 400 ರೂಪಾಯಿ ಕೂಲಿ ಕೇಳಿದಾಗ ಗ್ರಾಹಕರು ದುಬಾರಿಯೆನ್ನುತ್ತಾರೆ. ಅದೇ ಹೊತ್ತಿಗೆ ಮಾಲೀಕರು ಗಂಟೆಗೆ 225 ರೂಪಾಯಿಯನ್ನು ಕೈಯಿಂದ ಕಳೆದುಕೊಳ್ಳುತ್ತಿರುತ್ತಾರೆ. ಇಬ್ಬರಿಗೂ ಇದು ಕಾಣುವುದಿಲ್ಲ.

ಈಗ ಪ್ರತಿ ಕೆಲಸಗಾರನಿಗೆ ದಿನಕ್ಕೆ ಒಂದೇ ಒಂದು ಗಂಟೆ ಉಳಿಯಿತೆಂದು ಭಾವಿಸೋಣ. ಇಬ್ಬರಿಗೆ ತಿಂಗಳಿಗೆ 52 ಗಂಟೆ. ಹಣ ತರುವ ಗಂಟೆಗಳು 208ರಿಂದ 260ಕ್ಕೆ ಏರುತ್ತವೆ. ಗಂಟೆಯ ಖರ್ಚು 500ಕ್ಕೆ ಇಳಿಯುತ್ತದೆ. ದರ 625 ಆಗಿಯೇ ಉಳಿದರೆ ತಿಂಗಳಿಗೆ 32,500 ರೂಪಾಯಿ ಮಿಗುತ್ತದೆ. ಗ್ರಾಹಕರಿಗೆ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ.

ಆ ಒಂದು ಗಂಟೆಯನ್ನು ಉಳಿಸುವ ಉಪಾಯಗಳು ಸರಳವಾಗಿವೆ. ಪದೇಪದೇ ಬೇಕಾಗುವ ವಾಷರು, ಕನೆಕ್ಷನ್ ಪೈಪು, ಫ್ಲಷ್ ಟ್ಯಾಂಕಿನ ಬಿಡಿಭಾಗ, ಬಾಲ್ ವಾಲ್ವು, ಎಲ್ಬೋ, ಟೀ, ಟೇಪುಗಳನ್ನು ಪ್ರತಿ ಕೆಲಸಗಾರನ ಪೆಟ್ಟಿಗೆಯಲ್ಲಿ ಎಣಿಸಿಟ್ಟು, ಸಂಜೆ ಖರ್ಚಾದುದನ್ನು ಮತ್ತೆ ತುಂಬಿಸುವುದು ಮೊದಲನೆಯದು. ಕರೆ ಬಂದಾಗ ಕೆಟ್ಟಿರುವ ಭಾಗದ ಛಾಯಾಚಿತ್ರವನ್ನು ಮೊಬೈಲಿಗೆ ತರಿಸಿಕೊಳ್ಳುವುದು ಎರಡನೆಯದು. ಬೆಳಿಗ್ಗೆ ಹ್ಯಾಡೋಸ್ ರಸ್ತೆಯ ಕಡೆ, ಮಧ್ಯಾಹ್ನ ಮಹಾಲಿಂಗಪುರಂ ಕಡೆ ಎಂದು ಬೀದಿಗಳನ್ನು ಗುಂಪು ಮಾಡಿಕೊಂಡು ಹೋಗುವುದು ಮೂರನೆಯದು. ಇವುಗಳಿಗೆ ದೊಡ್ಡ ಬಂಡವಾಳ ಬೇಕಿಲ್ಲ. ಒಂದು ಪುಸ್ತಕ ಮತ್ತು ಪ್ರತಿದಿನ ಅದನ್ನು ಬರೆಯುವ ಶಿಸ್ತು ಸಾಕು.

ಸಾಮಗ್ರಿಯ ಲಾಭ, ರಿಯಾಯಿತಿಯ ನಷ್ಟ

ಕೂಲಿಯಲ್ಲಿ ಉಳಿಯದಿದ್ದರೂ ಸಾಮಗ್ರಿಯಲ್ಲಿ ಉಳಿಯುತ್ತದೆಂಬ ನಂಬಿಕೆ ಈ ವೃತ್ತಿಯಲ್ಲಿ ವ್ಯಾಪಕವಾಗಿದೆ. ಜಾರ್ಜ್ ಟೌನಿನ ಸಗಟು ಅಂಗಡಿಯಿಂದ 1,000 ರೂಪಾಯಿಗೆ ತಂದ ಮಾಲಿನ ಮೇಲೆ ಶೇ. 20 ಸೇರಿಸಿ 1,200ಕ್ಕೆ ಮಾರುತ್ತಾರೆ. ಗ್ರಾಹಕರು ಚೌಕಾಶಿ ಮಾಡಿದಾಗ ಶೇ. 10ರಷ್ಟು ಬಿಡುತ್ತಾರೆ. ಇಪ್ಪತ್ತರಲ್ಲಿ ಹತ್ತು ಹೋಗಿ ಹತ್ತು ಉಳಿಯಿತೆಂದು ಮನಸ್ಸು ಹೇಳುತ್ತದೆ. ಆದರೆ 1,200ರಲ್ಲಿ ಶೇ. 10 ಎಂದರೆ 120 ರೂಪಾಯಿ. ಮಾರಿದ ಬೆಲೆ 1,080. ಉಳಿದುದು 80 ಮಾತ್ರ. ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಮಾತಿನಲ್ಲಿ ಕರಗಿತು. ಮಾರಾಟದ ಬೆಲೆಯಲ್ಲಿ ಶೇ. 20 ಉಳಿಯಬೇಕಾದರೆ ಮೊದಲೇ 1,250 ಎಂದು ನಿಗದಿಪಡಿಸಬೇಕು.

ಇನ್ನೊಂದು ಸೋರಿಕೆ ಪುನರ್ಭೇಟಿಯದು. ಸರಿಯಾಗಿ ಕೂಡಿಸದ ಜಾಯಿಂಟು ಮೂರನೆಯ ದಿನ ಮತ್ತೆ ಸೋರಿದರೆ ಕೆಲಸಗಾರ ಉಚಿತವಾಗಿ ಹೋಗಿ ಬರಬೇಕು. ಅದಕ್ಕೆ ಎರಡು ಗಂಟೆ ಹಿಡಿದರೆ ಮೇಲಿನ ಲೆಕ್ಕದಲ್ಲಿ 1,250 ರೂಪಾಯಿ. ಅಗ್ಗದ ಫಿಟ್ಟಿಂಗಿನಲ್ಲಿ ಉಳಿಸಿದ ಐವತ್ತು ರೂಪಾಯಿ ಇದಕ್ಕೆ ಯಾವ ಮೂಲೆಗೂ ಸಾಲದು. ಆದ್ದರಿಂದ ಒಳ್ಳೆಯ ಸಾಮಗ್ರಿ ಬಳಸುವುದು ಮತ್ತು ಹೊರಡುವ ಮುನ್ನ ನೀರು ಬಿಟ್ಟು ಹತ್ತು ನಿಮಿಷ ಪರೀಕ್ಷಿಸುವುದು ಧರ್ಮವೂ ಹೌದು, ಲಾಭವೂ ಹೌದು.

ಮೂರನೆಯದು ಉದ್ರಿ. ಹೊಸ ಕಟ್ಟಡಗಳ ಗುತ್ತಿಗೆಯಲ್ಲಿ ಮೊತ್ತ ದೊಡ್ಡದು. ಆದರೆ ಹಣ ಬರುವುದು ತಡ, ಕೊನೆಯ ಕಂತಂತೂ ಇನ್ನೂ ತಡ. ಅಷ್ಟರಲ್ಲಿ ಸಂಬಳಕ್ಕೂ ಸಾಮಗ್ರಿಗೂ ಸಾಲ ತಂದಿದ್ದರೆ ಬಡ್ಡಿಯೇ ಲಾಭವನ್ನು ತಿಂದುಹಾಕುತ್ತದೆ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. 2020ರ ಜುಲೈಯಿಂದ ‘ಉದ್ಯಮ್’ ತಾಣದಲ್ಲಿ ಈ ನೋಂದಣಿ ಉಚಿತವಾಗಿ ದೊರೆಯುತ್ತಿದೆ. ಎಲ್ಲ ಬಗೆಯ ಗುತ್ತಿಗೆಗಳಿಗೂ ಈ ರಕ್ಷಣೆ ಒಂದೇ ರೀತಿ ಅನ್ವಯಿಸದಿದ್ದರೂ ನೋಂದಣಿಯ ಪತ್ರ ಮತ್ತು ದಿನಾಂಕವಿರುವ ಬಿಲ್ಲು ಕೈಯಲ್ಲಿದ್ದವರ ಮಾತಿಗೆ ತೂಕವಿರುತ್ತದೆ.

ಉಡುಪಿ ಹೋಟೆಲುಗಳ ಪಾಠ

ಸಣ್ಣ ಮೊತ್ತಗಳ ವ್ಯಾಪಾರದಲ್ಲಿ ಲಾಭ ಮಾಡುವುದು ಹೇಗೆಂಬುದನ್ನು ಈ ನಗರಕ್ಕೆ ಕಲಿಸಿದವರು ಕನ್ನಡನಾಡಿನ ಕರಾವಳಿಯಿಂದ ಬಂದವರೇ. ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಬಂದು ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟ್ಟೈಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು. ಕೆಥೀಡ್ರಲ್ ರಸ್ತೆಯಲ್ಲಿ 1962ರಿಂದ 2008ರವರೆಗೆ ನಡೆದ ಡ್ರೈವ್-ಇನ್ ಹೋಟೆಲನ್ನು ನಮ್ಮಲ್ಲಿ ಅನೇಕರು ಇಂದಿಗೂ ಸ್ಮರಿಸುತ್ತಾರೆ. ಇಡ್ಲಿ, ಕಾಫಿಯಲ್ಲಿ ಸಿಗುವುದು ಪೈಸೆಗಳ ಲಾಭ. ಆದರೂ ಆ ಹೋಟೆಲುಗಳು ಬೆಳೆದವು. ದರಪಟ್ಟಿ ಗೋಡೆಯ ಮೇಲಿತ್ತು. ಒಬ್ಬೊಬ್ಬರಿಗೆ ಒಂದೊಂದು ಬೆಲೆ ಇರಲಿಲ್ಲ. ಅಳತೆ ಒಂದೇ, ರುಚಿ ಒಂದೇ. ಮೇಜು ಒರೆಸಲು ಬಂದ ಹುಡುಗ ಸಪ್ಲೈ ಕಲಿತು, ಅಡುಗೆ ಕಲಿತು, ಒಂದು ದಿನ ಗಲ್ಲಾದಲ್ಲಿ ಕುಳಿತುಕೊಳ್ಳುವ ದಾರಿ ಅಲ್ಲಿ ತೆರೆದಿತ್ತು.

ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆಯದು ಮತ್ತೊಂದು ಪಾಠ. 1924ರಲ್ಲಿ ಆರಂಭವಾದ ಆ ಹೋಟೆಲು ತುರ್ತುಪರಿಸ್ಥಿತಿಯ ದಿನಗಳ ಬೆಲೆ ನಿಯಂತ್ರಣದಿಂದ ಹೋಟೆಲ್ ವ್ಯಾಪಾರವೇ ಕಷ್ಟವಾದಾಗ ಗುಣಮಟ್ಟವನ್ನು ತಗ್ಗಿಸಲಿಲ್ಲ. ಸಿದ್ಧ ಮಿಶ್ರಣಗಳ ಮಾರಾಟದತ್ತ ಹೊರಳಿತು. ಒಂದು ದಾರಿಯಲ್ಲಿ ಬೆಲೆ ಏರಿಸಲಾಗದಿದ್ದರೆ ಅದೇ ಕೌಶಲದಿಂದ ಇನ್ನೊಂದು ಆದಾಯವನ್ನು ಹುಡುಕಬೇಕೆಂಬುದು ಅದರ ಸಾರ. ಕೊಳಾಯಿ ಉದ್ಯಮಕ್ಕೆ ಆ ಎರಡನೆಯ ಆದಾಯ ಯಾವುದು?

ಕರೆಯಿಂದ ಒಪ್ಪಂದಕ್ಕೆ

ನಮ್ಮ ದೃಷ್ಟಿಯಲ್ಲಿ ಅದು ವಾರ್ಷಿಕ ನಿರ್ವಹಣಾ ಒಪ್ಪಂದ. ಲಿಫ್ಟಿಗೆ, ಜನರೇಟರಿಗೆ ಇಂತಹ ಒಪ್ಪಂದ ಮಾಡಿಕೊಳ್ಳುವ ಫ್ಲ್ಯಾಟ್ ಸಂಘಗಳು ನೀರಿನ ವ್ಯವಸ್ಥೆಯನ್ನು ಮಾತ್ರ ದೇವರ ಮೇಲೆ ಭಾರ ಹಾಕಿ ಬಿಟ್ಟಿರುತ್ತವೆ. 24 ಮನೆಗಳ ಒಂದು ಕಟ್ಟಡ ಮನೆಗೆ ತಿಂಗಳಿಗೆ 150 ರೂಪಾಯಿ ಕೊಟ್ಟರೆ 3,600 ರೂಪಾಯಿ. ಹತ್ತಿರಹತ್ತಿರದ ಇಂತಹ ಹತ್ತು ಕಟ್ಟಡಗಳಿಂದ 36,000. ನಮ್ಮ ಕಾಲ್ಪನಿಕ ಸಂಸ್ಥೆಯ ಖರ್ಚಿನಲ್ಲಿ ಇದು ಕಾಲುಭಾಗಕ್ಕಿಂತ ಹೆಚ್ಚು. ಪ್ರತಿ ಕಟ್ಟಡಕ್ಕೆ ಸಣ್ಣಪುಟ್ಟ ದುರಸ್ತಿಯೂ ಸೇರಿ ತಿಂಗಳಿಗೆ 5 ಗಂಟೆ ಕೊಟ್ಟರೆ ಒಟ್ಟು 50 ಗಂಟೆ. ಅದರ ಖರ್ಚು 31,250. ಮೇಲ್ನೋಟಕ್ಕೆ ಉಳಿತಾಯ ದೊಡ್ಡದಲ್ಲ. ಆದರೆ ಈ ಹಣ ಕರೆ ಬಂದರೂ ಬರದಿದ್ದರೂ ಬರುತ್ತದೆ, ಓಡಾಟ ಕಡಿಮೆ, ಬಿಡುವಿನ ದಿನಗಳಲ್ಲಿ ಕೆಲಸ ಹಂಚಿಕೊಳ್ಳಬಹುದು. ಸಂಬಳದ ದಿನ ಮಾಲೀಕರ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದೆ.

ಒಪ್ಪಂದದಲ್ಲಿ ಏನಿರಬೇಕು? ಸಂಪು ಮತ್ತು ಛಾವಣಿಯ ಟ್ಯಾಂಕುಗಳ ಶುಚಿ, ಎಲ್ಲ ವಾಲ್ವುಗಳನ್ನೂ ತಿರುಗಿಸಿ ನೋಡುವುದು, ತುಂಬಿ ಹೊರಚೆಲ್ಲುವ ಟ್ಯಾಂಕಿನ ಫ್ಲೋಟಿನ ಪರೀಕ್ಷೆ, ಸೋರುವ ನಲ್ಲಿಗಳ ದುರಸ್ತಿ, ಮತ್ತು ಈಶಾನ್ಯ ಮಾರುತದ ಮಳೆಗೆ ಮುನ್ನ, ಅಂದರೆ ಸೆಪ್ಟೆಂಬರಿನಲ್ಲೇ, ಛಾವಣಿಯ ಕೊಳವೆ ಹಾಗೂ ಮಳೆನೀರು ಕೊಯ್ಲಿನ ಗುಂಡಿಯ ಶುಚಿ. 2003ರಲ್ಲಿ ಆಜ್ಞೆಗೆ ಅಂಜಿ ತರಾತುರಿಯಲ್ಲಿ ಮಾಡಿಸಿದ ಅನೇಕ ಗುಂಡಿಗಳು ಹೂಳು ತುಂಬಿ ಹೆಸರಿಗೆ ಮಾತ್ರ ಉಳಿದವು.

ಇದರ ಬೆಲೆಯನ್ನು ಅಳೆಯುವುದು ಕಷ್ಟವಲ್ಲ. ನುಂಗಂಬಾಕ್ಕಂನ ಹವಾಮಾನ ಕೇಂದ್ರದಲ್ಲಿ ದಾಖಲಾಗುವ ಸರಾಸರಿ ವಾರ್ಷಿಕ ಮಳೆ ಸುಮಾರು 1,400 ಮಿಲಿಮೀಟರ್. ಚೆನ್ನೈಯಲ್ಲಿ ಎಲ್ಲರಿಗೂ ಪರಿಚಿತವಾದ ಒಂದು ‘ಗ್ರೌಂಡ್’, ಅಂದರೆ 2,400 ಚದರ ಅಡಿಯ ಛಾವಣಿಯ ಮೇಲೆ ಬೀಳುವ ಈ ಮಳೆ 3 ಲಕ್ಷ ಲೀಟರಿಗೂ ಹೆಚ್ಚು. ಐದರಲ್ಲಿ ಒಂದು ಪಾಲು ಆವಿಯಾಗಿ, ಚೆಲ್ಲಿ ಹೋದರೂ ಉಳಿಯುವುದು ಸುಮಾರು ಎರಡೂವರೆ ಲಕ್ಷ ಲೀಟರ್. 9,000 ಲೀಟರಿನ 27 ಲಾರಿಗಳ ನೀರು! ಇನ್ನು ಸೆಕೆಂಡಿಗೆ ಒಂದು ಹನಿಯಂತೆ ಸೋರುವ ನಲ್ಲಿ, ಹನಿಗೆ ಕಾಲು ಮಿಲಿಲೀಟರಿನ ಲೆಕ್ಕದಲ್ಲಿ, ವರ್ಷಕ್ಕೆ ಸುಮಾರು 8,000 ಲೀಟರ್ ಚೆಲ್ಲುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ನಷ್ಟಕ್ಕೂ ಸಲ್ಲುತ್ತದೆ. ಮಿಂಜೂರಿನಲ್ಲಿ 2010ರಿಂದ, ನೆಮ್ಮೇಲಿಯಲ್ಲಿ 2013ರಿಂದ ಕಡಲ ನೀರನ್ನು ಸಿಹಿಗೊಳಿಸಿ ಕುಡಿಯಬೇಕಾಗಿ ಬಂದಿರುವ ನಗರಕ್ಕೆ ಇಂತಹ ಪೋಲು ಶೋಭಿಸುವುದಿಲ್ಲ.

ಇಲ್ಲಿ ಬೆಂಗಳೂರಿನ ಅನುಭವವೂ ಉಲ್ಲೇಖಾರ್ಹ. 2024ರ ಮಾರ್ಚಿಯಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟು ಮುಂತಾದೆಡೆ ನಲ್ಲಿಗಳಿಗೆ ಏರಿಯೇಟರ್ ಅಳವಡಿಸುವುದನ್ನು ಕಡ್ಡಾಯ ಮಾಡಿತು. ನೀರಿನ ಧಾರೆಗೆ ಗಾಳಿ ಬೆರೆಸಿ ಬಳಕೆಯನ್ನು ತಗ್ಗಿಸುವ ಪುಟ್ಟ ಸಾಧನವಿದು. ಅಂತಹ ಆಜ್ಞೆ ಬರುವವರೆಗೆ ಚೆನ್ನೈನ ಕೊಳಾಯಿ ಸಂಸ್ಥೆಗಳು ಕಾಯಬೇಕಿಲ್ಲ. ಕಟ್ಟಡವೊಂದರ ನೀರಿನ ಬಳಕೆಯನ್ನು ಅಳೆದು, ಎಲ್ಲಿ ಎಷ್ಟು ಪೋಲಾಗುತ್ತಿದೆಯೆಂದು ಒಂದು ಪುಟದ ವರದಿ ಕೊಟ್ಟು, ಉಳಿತಾಯದ ಉಪಾಯಗಳನ್ನು ಸೂಚಿಸುವ ಸೇವೆಗೆ ಹಣ ಕೊಡಲು ಸಂಘಗಳು ಹಿಂಜರಿಯಲಾರವು. ಏಕೆಂದರೆ ಅದು ಲಾರಿಯ ಖರ್ಚಿನಲ್ಲೇ ಮರಳಿ ಬರುತ್ತದೆ.

ಮೊಬೈಲಿನ ಪೈಪೋಟಿ

ಈ ಹತ್ತು ವರ್ಷಗಳಲ್ಲಿ ಬಂದಿರುವ ದೊಡ್ಡ ಬದಲಾವಣೆಯೆಂದರೆ ಮೊಬೈಲಿನ ಮೂಲಕ ಮನೆಕೆಲಸದವರನ್ನು ಕಳಿಸುವ ಕಂಪನಿಗಳದು. 2014ರಲ್ಲಿ ‘ಅರ್ಬನ್ ಕ್ಲಾಪ್’ ಎಂಬ ಹೆಸರಿನಲ್ಲಿ ಆರಂಭವಾಗಿ 2020ರಲ್ಲಿ ‘ಅರ್ಬನ್ ಕಂಪನಿ’ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ ಇವುಗಳಲ್ಲಿ ಪ್ರಮುಖವಾದುದು. ದರವನ್ನು ಮುಂಚಿತವಾಗಿ ತೋರಿಸುವುದು, ಸಮಯ ನಿಗದಿಪಡಿಸುವುದು, ರಶೀದಿ ಕೊಡುವುದು ಇವುಗಳಿಂದ ಅವು ಗ್ರಾಹಕರ ಮನ ಗೆದ್ದಿವೆ. ಕೆಲಸಗಾರರಿಗೆ ಕೆಲಸ ಸಿಗುತ್ತದೆ. ಆದರೆ ದುಡಿಮೆಯ ಒಂದು ಪಾಲು ಕಂಪನಿಗೆ ಹೋಗುತ್ತದೆ, ಗ್ರಾಹಕರೂ ಕಂಪನಿಯವರಾಗಿಯೇ ಉಳಿಯುತ್ತಾರೆ.

ತೆರಿಗೆಯಲ್ಲೂ ಒಂದು ವ್ಯತ್ಯಾಸವಿದೆ. ಸರಕು ಮತ್ತು ಸೇವಾ ತೆರಿಗೆಯ ನಿಯಮದಂತೆ ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಕಡ್ಡಾಯ. ಅದಕ್ಕಿಂತ ಕಡಿಮೆ ವಹಿವಾಟಿನ ಕೊಳಾಯಿ ಕೆಲಸಗಾರ ಇಂತಹ ಕಂಪನಿಯ ಮೂಲಕ ಕೆಲಸ ಮಾಡಿದರೆ ತೆರಿಗೆ ಕಟ್ಟುವ ಹೊಣೆ ಕಂಪನಿಯದು. ಅವನೇ ಸ್ವತಂತ್ರವಾಗಿ ಮಾಡಿದರೆ ಆ ತೆರಿಗೆಯ ಭಾರವಿಲ್ಲ. ಹಾಗಾಗಿ ಸಣ್ಣ ಸ್ಥಳೀಯ ಸಂಸ್ಥೆ ಬೆಲೆಯಲ್ಲಿ ಪೈಪೋಟಿ ಕೊಡಬಲ್ಲದು. ಅದರ ನಿಜವಾದ ಬಲವಾದರೋ ಪರಿಚಯ. ಯಾವ ಕಟ್ಟಡದ ಮುಖ್ಯ ವಾಲ್ವು ಎಲ್ಲಿದೆ, ಯಾವ ಗೋಡೆಯೊಳಗೆ ಹಳೆಯ ಕಬ್ಬಿಣದ ಕೊಳವೆ ಹೋಗಿದೆ ಎಂಬುದು ಹತ್ತು ವರ್ಷ ಅದೇ ಬೀದಿಯಲ್ಲಿ ದುಡಿದವರಿಗೆ ತಿಳಿದಿರುತ್ತದೆ. ಆ ಜ್ಞಾನವನ್ನು ಕಟ್ಟಡವಾರು ಪುಸ್ತಕದಲ್ಲಿ ಬರೆದಿಟ್ಟರೆ ಅದು ಸಂಸ್ಥೆಯ ಆಸ್ತಿ. ಇದಕ್ಕೆ ಅಚ್ಚಾದ ದರಪಟ್ಟಿಯೊಂದನ್ನು ಸೇರಿಸಿದರೆ ಮೊಬೈಲಿನ ಕಂಪನಿಗೆ ಅಂಜಬೇಕಾದ ಕಾರಣವಿಲ್ಲ.

ಅಗ್ಗದ ಕೆಲಸಕ್ಕೆ ತೆರುವ ಬೆಲೆ

ಲಾಭದ ಈ ಚರ್ಚೆಯನ್ನು ನಾವು ಏಕೆ ಇಷ್ಟು ವಿಸ್ತಾರವಾಗಿ ಮಾಡುತ್ತಿದ್ದೇವೆ? ಲಾಭವಿಲ್ಲದ ಕಡೆ ಮೊದಲು ಕಡಿತವಾಗುವುದು ಮನುಷ್ಯನ ಮೇಲಿನ ಖರ್ಚು. ಕೈಗವಸಿಲ್ಲ, ವಿಮೆಯಿಲ್ಲ, ತರಬೇತಿಯಿಲ್ಲ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಪಟ್ಟಾಮುಂಡೈ ಪ್ರದೇಶದಿಂದ ತಲೆಮಾರುಗಳಿಂದ ಕೊಳಾಯಿ ಕೆಲಸಗಾರರು ದೇಶದ ನಗರಗಳಿಗೆಲ್ಲ ಹೋಗುತ್ತಿದ್ದಾರೆ. ಅಲ್ಲಿ ಈ ವೃತ್ತಿಗೆಂದೇ ಸರ್ಕಾರಿ ತರಬೇತಿ ಸಂಸ್ಥೆಯೂ ಇದೆ. ಹಿರಿಯರ ಕೈಕೆಳಗೆ ಕಲಿತು ಕೆಲಸವನ್ನು ಕುಲಕಸುಬಿನಂತೆ ಬೆಳೆಸಿದ ಉದಾಹರಣೆಯದು. ಆದರೆ ರಾಷ್ಟ್ರಮಟ್ಟದಲ್ಲಿ ಈ ವೃತ್ತಿಗೆ ಸಿಕ್ಕ ಮನ್ನಣೆ ಕಡಿಮೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ‘ಪಿ.ಎಂ. ವಿಶ್ವಕರ್ಮ’ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಗಾರೆಕೆಲಸದವರು, ಬೀಗ ಮಾಡುವವರು ಇದ್ದಾರೆ; ಕೊಳಾಯಿ ಕೆಲಸದವರಿಲ್ಲ. ಹೀಗಿರುವಾಗ ಅವರ ಸುರಕ್ಷತೆ ಮಾಲೀಕರ ಆದಾಯವನ್ನೂ ಗ್ರಾಹಕರ ವಿವೇಕವನ್ನೂ ಅವಲಂಬಿಸಿದೆ.

ಎಲ್ಲಕ್ಕಿಂತ ಗಂಭೀರವಾದುದು ಒಳಚರಂಡಿಯ ವಿಷಯ. ಕಟ್ಟಿಕೊಂಡ ಮ್ಯಾನ್‌ಹೋಲನ್ನೋ ಮಲಗುಂಡಿಯನ್ನೋ ಶುಚಿಗೊಳಿಸಲು ಯಂತ್ರ ತರಿಸುವ ಬದಲು ‘ಐನೂರು ಹೆಚ್ಚು ಕೊಡುತ್ತೇವೆ, ಸ್ವಲ್ಪ ಇಳಿದು ನೋಡಿ’ ಎನ್ನುವ ಪ್ರವೃತ್ತಿ ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ. ಒಳಗಿನ ವಿಷಾನಿಲ ಮನುಷ್ಯನಿಗೆ ಕೂಗಿಕೊಳ್ಳಲೂ ಅವಕಾಶ ಕೊಡುವುದಿಲ್ಲ. ಮೇಲೆತ್ತಲು ಇಳಿದವರೂ ಉಳಿಯುವುದಿಲ್ಲ. 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಚರಂಡಿ ಹಾಗೂ ಮಲಗುಂಡಿಗಳ ಅಪಾಯಕಾರಿ ಶುಚಿಕಾರ್ಯಕ್ಕೆ ಯಾರನ್ನೂ ತೊಡಗಿಸಬಾರದೆಂದು ನಿಷೇಧಿಸಿದೆ. ಇಂತಹ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರವನ್ನು 2014ರಲ್ಲಿ ವಿಧಿಸಿದ್ದ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೆಲಸ ಮಾಡಿಸಿದ ಮನೆಯವರೂ ಸಂಘದವರೂ ಕಾನೂನಿನ ಹೊಣೆಯಿಂದ ತಪ್ಪಿಸಿಕೊಳ್ಳಲಾರರು. ತಿಂಗಳ ಖರ್ಚು ತೂಗಿಸಬಲ್ಲ ಸಂಸ್ಥೆ ಇಂತಹ ಕೆಲಸವನ್ನು ‘ಆಗದು’ ಎನ್ನಬಲ್ಲದು. ಖರ್ಚು ತೂಗಿಸಲಾರದವನಿಗೆ ಐನೂರು ರೂಪಾಯಿಯನ್ನು ನಿರಾಕರಿಸುವ ಧೈರ್ಯ ಎಲ್ಲಿಂದ ಬರಬೇಕು?

ನಾವು ಮಾಡಬಹುದಾದುದು

ನುಂಗಂಬಾಕ್ಕಂನಲ್ಲಾಗಲಿ, ಆಸುಪಾಸಿನ ಬಡಾವಣೆಗಳಲ್ಲಾಗಲಿ ಫ್ಲ್ಯಾಟ್ ಸಂಘಗಳ ಅಧ್ಯಕ್ಷರಾಗಿ, ಕಾರ್ಯದರ್ಶಿಗಳಾಗಿ, ಖಜಾಂಚಿಗಳಾಗಿ ಅನೇಕ ಕನ್ನಡಿಗರು ಸೇವೆ ಸಲ್ಲಿಸುತ್ತಿದ್ದಾರೆ. ಅವರ ಮುಂದೆ ನಾವು ಕೆಲವು ಸಲಹೆಗಳನ್ನು ಇಡುತ್ತೇವೆ. ವಾರ್ಷಿಕ ಆಯವ್ಯಯದಲ್ಲಿ ಲಿಫ್ಟಿನಂತೆ ನೀರಿನ ವ್ಯವಸ್ಥೆಯ ನಿರ್ವಹಣೆಗೂ ಒಂದು ಬಾಬ್ತು ಇರಲಿ. ಅಕ್ಕಪಕ್ಕದ ನಾಲ್ಕೈದು ಕಟ್ಟಡಗಳು ಸೇರಿ ಒಂದೇ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡರೆ ಅವರ ಓಡಾಟ ಉಳಿಯುತ್ತದೆ, ನಮ್ಮ ದರವೂ ಇಳಿಯುತ್ತದೆ. ಕಟ್ಟಡದ ಕೊಳವೆಗಳ ನಕ್ಷೆ ಸಂಘದ ಕಡತದಲ್ಲಿರಲಿ. ದೂರುಗಳನ್ನು ಒಟ್ಟುಗೂಡಿಸಿ ವಾರದಲ್ಲಿ ಒಂದು ದಿನ ಕರೆಸಿದರೆ ಆರು ಸಲ ಬರುವವರು ಒಂದೇ ಸಲ ಬಂದು ಮುಗಿಸಬಲ್ಲರು. ಬಿಲ್ಲು ಕೇಳಿ ಪಡೆಯೋಣ, ಹಣವನ್ನು ಅಂದೇ ಕೊಡೋಣ. ಕೆಲಸಗಾರರು ತಮಿಳುನಾಡು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ವಿಚಾರಿಸೋಣ. ಅರ್ಜಿ ತುಂಬಲು ನೆರವಾಗೋಣ. ಚರಂಡಿಯ ಕೆಲಸಕ್ಕೆ ಮೆಟ್ರೋವಾಟರಿನ ಯಂತ್ರವನ್ನೇ ಕರೆಸಬೇಕೆಂದು ಸಂಘದ ನಡಾವಳಿ ಪುಸ್ತಕದಲ್ಲಿ ಠರಾವು ಬರೆದಿಡೋಣ.

ಉದ್ಯಮಿಗಳಿಗೂ ನಮ್ಮದೊಂದು ಮಾತು. ಸೇವೆಗೆ ತಕ್ಕ ದರವನ್ನು ಸಂಕೋಚವಿಲ್ಲದೆ ಕೇಳಿ. ಆದರೆ ಆ ದರ ಹೇಗೆ ಬಂದಿತೆಂದು ಕಾಗದದಲ್ಲಿ ತೋರಿಸಿ. ಲೆಕ್ಕವನ್ನು ಕಣ್ಣಾರೆ ಕಂಡ ಗೃಹಸ್ಥರು ಚೌಕಾಶಿಗೆ ಇಳಿಯುವುದು ಕಡಿಮೆ.

ಈಶಾನ್ಯ ಮಾರುತದ ಮಳೆ ಅಕ್ಟೋಬರಿನಲ್ಲಿ ಈ ನಗರಕ್ಕೆ ಕಾಲಿಡುತ್ತದೆ. ಛಾವಣಿಯ ಕೊಳವೆಯಲ್ಲಿ ಎಲೆ ಕಟ್ಟಿಕೊಂಡಿದೆಯೇ, ಕೊಯ್ಲಿನ ಗುಂಡಿಯಲ್ಲಿ ಹೂಳಿದೆಯೇ ಎಂದು ಅದಕ್ಕೂ ಒಂದು ತಿಂಗಳು ಮೊದಲೇ ನೋಡಿಸಬೇಕು. ಮುಂದಿನ ಸಂಘದ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ, ಕೊಳಾಯಿ ಕೆಲಸದವರನ್ನೂ ಆ ಸಭೆಗೆ ಆಹ್ವಾನಿಸಿ ಕುರ್ಚಿ ಕೊಟ್ಟು ಅವರ ಮಾತನ್ನು ಕೇಳುವಂತೆ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.